ಎತ್ತರಿಸಿದ ಹಳೇ ಜಿಪ್ಸಿ ಕೊಳ್ಳುವ ಮುಂಚೆ ಅದರ ಕೆಳಗೆ ಮಲಗಿ ನೋಡಿ

ಹಳೇ ಮಾರುತಿ ಜಿಪ್ಸಿ ಹುಡುಕುತ್ತಿರುವವರು ಮತ್ತು ಮನೆಯ ಶೆಡ್‌ನಲ್ಲೇ ಜಿಪ್ಸಿ ಎತ್ತರ ಮಾಡಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಉದ್ದದ ಶಾಕಲ್ (ಸ್ಪ್ರಿಂಗ್ ತುದಿಯನ್ನು ಗಾಡಿಯ ಚೌಕಟ್ಟಿಗೆ ಸೇರಿಸುವ ಕೊಂಡಿ) ಹಾಕಿ ಗಾಡಿ ಎತ್ತರಿಸಿ, ಬ್ರೇಕ್ ಹೋಸ್ (ಚಕ್ರದ ಕಡೆಗೆ ಬ್ರೇಕ್ ಎಣ್ಣೆ ಒಯ್ಯುವ ರಬ್ಬರ್ ಪೈಪ್) ಮತ್ತು ಸ್ಟೀರಿಂಗ್ ಕಡೆ ತಿರುಗಿಯೂ ನೋಡದಿದ್ದರೆ ಜೀವಕ್ಕೇ ಅಪಾಯ. ನಾವು ನಾಲ್ಕು ಜನ ಸ್ವಲ್ಪದರಲ್ಲಿ ಉಳಿದೆವು.

2019ರಿಂದ ಈಚೆಗೆ ಶೋರೂಮಿನಲ್ಲಿ ಹೊಸ ಜಿಪ್ಸಿ ಸಿಗುವುದಿಲ್ಲ. ಹಾಗಾಗಿ ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆ ತೋಟದ ಕೆಲಸಕ್ಕೆ ಅಂತ ಕೈ ಬದಲಾಗುವ ಜಿಪ್ಸಿಗಳೆಲ್ಲ ಹಳೆಯವೇ. ಹೆಚ್ಚುಕಮ್ಮಿ ಒಂದು ಟನ್ ತೂಕ, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಲೋ ಗೇರ್. ಕೆಸರಲ್ಲಿ ಇದರಷ್ಟು ಹಗುರವಾಗಿ ಓಡುವ ಗಾಡಿ ಇನ್ನೊಂದಿಲ್ಲ ಅಂತ ನಾನು ಈಗಲೂ ನಂಬುತ್ತೇನೆ. ಸ್ಪ್ಯಾನರ್ ಸೆಟ್ ಇದ್ದವರು ಯಾರು ಬೇಕಾದರೂ ಬಿಚ್ಚಿ ಜೋಡಿಸಬಹುದು. ತೊಂದರೆ ಶುರುವಾಗುವುದೂ ಅಲ್ಲೇ.

ನಾನು ಕೊಂಡಿದ್ದು 1.3 ಲೀಟರ್ ಎಂಜಿನ್‌ನ ಜಿಪ್ಸಿ ಕಿಂಗ್. ಮಾರಿದವರು ವಿಡಿಯೋ ನೋಡಿ ಎಲ್ಲಾ ಕೆಲಸ ತಾವೇ ಮಾಡಿದ್ದರು. ಎರಡು ಇಂಚು ಜಾಸ್ತಿ ಉದ್ದದ ಶಾಕಲ್, ದೊಡ್ಡ ಟೈರ್, ಚಕ್ರವನ್ನು ಹೊರಕ್ಕೆ ತಳ್ಳುವ ವೀಲ್ ಸ್ಪೇಸರ್, ಮುಂದೆ ಎಲ್‌ಇಡಿ ಬಾರ್. "ಒಂದು ರೂಪಾಯಿ ಗ್ಯಾರೇಜಿಗೆ ಕೊಟ್ಟಿಲ್ಲ ಸಾರ್, ಎಲ್ಲಾ ನನ್ನ ಕೈಯಾರೆ ಮಾಡಿದ್ದು" ಅಂತ ಹೆಮ್ಮೆಯಿಂದ ಹೇಳಿದರು.

ಕೊಟ್ಟಿಗೆಹಾರದಿಂದ ಉಜಿರೆ ಕಡೆಗೆ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಪಕ್ಕದಲ್ಲಿ ಭಾವ, ಹಿಂದೆ ಮಕ್ಕಳಿಬ್ಬರು. ಒಂದು ಹೇರ್‌ಪಿನ್ ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಬ್ರೇಕ್ ಒತ್ತಿದೆ. ಟಪ್ ಅಂತ ಸದ್ದಾಯಿತು. ಪೆಡಲ್ ಸೀದಾ ಕೆಳಗೆ ಹೋಯಿತು. ಈ ಗಾಡಿಯಲ್ಲಿ ಮುಂದಿನ ಚಕ್ರಗಳಿಗೆ ಒಂದು ಬ್ರೇಕ್ ಲೈನ್, ಹಿಂದಿನವಕ್ಕೆ ಇನ್ನೊಂದು. ಮುಂದಿನದು ಹೋದರೂ ಹಿಂದಿನ ಡ್ರಮ್ ಸ್ವಲ್ಪ ಹಿಡಿಯುತ್ತದೆ. ಆದರೆ ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಬೀಳುವುದರಿಂದ ಬ್ರೇಕ್‌ನ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದೇ. ಪೆಡಲ್ ಮತ್ತೆ ಮತ್ತೆ ತುಳಿದು, ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಬದಿಯ ಚರಂಡಿಗೆ ಗಾಡಿ ಇಳಿಸಿದೆ. ಯಾರಿಗೂ ಪೆಟ್ಟಾಗಲಿಲ್ಲ. ಎದುರಿಗೆ ಬಸ್ಸೋ ಲಾರಿಯೋ ಬಂದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ಭಯ.

ಕೆಳಗಿನಿಂದ ಬಂದ ಮೆಕ್ಯಾನಿಕ್ ಚಕ್ರದ ಹಿಂದೆ ಟಾರ್ಚ್ ಬಿಟ್ಟು ನನ್ನನ್ನು ಕರೆದರು. "ಇಲ್ಲಿ ನೋಡಿ ಮಾರಾಯ್ರೆ, ಪೈಪ್ ಕಟ್ಟಿದ ಹಗ್ಗದ ಹಾಗೆ ಎಳೆದು ನಿಂತಿದೆ." ಬ್ರೇಕ್ ಹೋಸಿನ ಒಂದು ಬದಿಯ ರಬ್ಬರ್ ಟೈರಿಗೆ ಉಜ್ಜಿ ಉಜ್ಜಿ ನುಣ್ಣಗೆ ಹೊಳೆಯುತ್ತಿತ್ತು. ಅದರ ನಡುವೆ ಒಳಗಿನ ನೂಲು ಕಾಣುತ್ತಿತ್ತು. ಒಡೆದದ್ದು ಅಲ್ಲೇ. ಟೈರಿಗೆ ತಾಗದಿರಲಿ ಅಂತ ಮಾರಿದವರು ಹೋಸನ್ನು ಕೇಬಲ್ ಟೈನಿಂದ ಸ್ಪ್ರಿಂಗ್‌ಗೆ ಕಟ್ಟಿದ್ದರು. ಅದರಿಂದ ಹೋಸ್ ಇನ್ನಷ್ಟು ಗಿಡ್ಡವಾಗಿತ್ತು. ಅಂದರೆ ಹೋಸ್ ಉಜ್ಜುವುದು ಅವರ ಕಣ್ಣಿಗೆ ಬಿದ್ದಿತ್ತು. ನನಗೆ ಇವತ್ತಿಗೂ ಸಿಟ್ಟು ಬರುವುದು ಆ ಕೇಬಲ್ ಟೈ ನೆನೆದಾಗ.

ಶಾಕಲ್ ಎರಡು ಇಂಚು ಉದ್ದ ಮಾಡಿದರೆ ಗಾಡಿ ಏರುವುದು ಒಂದೇ ಇಂಚು. ಸ್ಪ್ರಿಂಗ್‌ನ ಇನ್ನೊಂದು ತುದಿ ಇದ್ದಲ್ಲೇ ಇರುತ್ತದಲ್ಲ. ಆ ಒಂದು ಇಂಚಿಗೆ ಎಷ್ಟು ಬೆಲೆ ತೆರಬೇಕು ನೋಡಿ. ಜಿಪ್ಸಿಯ ಮುಂದಿನ ಸ್ಪ್ರಿಂಗ್‌ಗೆ ಶಾಕಲ್ ಇರುವುದು ಬಂಪರ್ ಕಡೆಯ ತುದಿಯಲ್ಲಿ. ಅದನ್ನು ಉದ್ದ ಮಾಡಿದರೆ ಸ್ಪ್ರಿಂಗ್‌ನ ಮುಂದಿನ ತುದಿ ಕೆಳಗಾಗುತ್ತದೆ, ಜೊತೆಗೆ ಎರಡು ಚಕ್ರಗಳನ್ನು ಸೇರಿಸುವ ಆಕ್ಸಲ್ ಮುಂದಕ್ಕೆ ಹೊರಳುತ್ತದೆ. ಚಕ್ರ ಎಡಬಲಕ್ಕೆ ತಿರುಗುವ ಕೀಲು, ಅಂದರೆ ಕಿಂಗ್ ಪಿನ್‌ನ ಮೇಲ್ತುದಿ ಹಿಂದಕ್ಕೆ ವಾಲಿರಬೇಕಾದದ್ದು ನೆಟ್ಟಗಾಗುತ್ತದೆ. ಇದನ್ನೇ ಕ್ಯಾಸ್ಟರ್ ಕಡಿಮೆಯಾಯಿತು ಅನ್ನುವುದು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಈ ಕ್ಯಾಸ್ಟರ್‌ನಿಂದ. ಅದು ಹೋದರೆ ಗಾಡಿ ರಸ್ತೆ ತುಂಬಾ ಅಲೆಯುತ್ತದೆ.

ಘಾಟಿಯ ಘಟನೆಗೆ ಮೊದಲೇ ನಮ್ಮ ಗಾಡಿ 60ರ ವೇಗದಲ್ಲಿ ಸಣ್ಣ ಗುಂಡಿಗೆ ಬಿದ್ದರೂ ಸ್ಟೀರಿಂಗ್ ಕೈಯಲ್ಲಿ ನಿಲ್ಲದಷ್ಟು ಒದರುತ್ತಿತ್ತು. ಮಾರಿದವರಿಗೆ ಫೋನ್ ಮಾಡಿ ಕೇಳಿದರೆ "ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ ಸಾರ್, ಸರಿಹೋಗುತ್ತೆ" ಅಂದರು. ಮಾಡಿಸಿದೆ, ಸರಿಹೋಗಲಿಲ್ಲ. ಆಮೇಲೆ ಬಿಚ್ಚಿದಾಗ ಕಿಂಗ್ ಪಿನ್ ಬೇರಿಂಗ್ ಸವೆದಿತ್ತು, ಕ್ಯಾಸ್ಟರ್ ಇರಲೇ ಇಲ್ಲ ಅನ್ನಬಹುದು. ಒದರುವುದನ್ನು ಅಡಗಿಸಲು ಹೊಸ ಸ್ಟೀರಿಂಗ್ ಡ್ಯಾಂಪರ್ ಬೇರೆ ಹಾಕಿದ್ದರು. ಹಳೇ ಗಾಡಿಯಲ್ಲಿ ಹೊಳೆಯುವ ಹೊಸ ಡ್ಯಾಂಪರ್ ಕಂಡರೆ ಯಾಕೆ ಹಾಕಿದ್ದು ಅಂತ ಕೇಳಿ.

ದೊಡ್ಡ ಟೈರಿನದ್ದೂ ಒಂದು ಲೆಕ್ಕವಿದೆ. ಕಂಪನಿಯ ಟೈರ್ 205/70 ಆರ್15. ನಮ್ಮದಕ್ಕೆ ಹಾಕಿದ್ದು 235/75 ಆರ್15. ಸುತ್ತಳತೆ ಸುಮಾರು ನೂರಕ್ಕೆ ಹತ್ತು ಪಾಲು ಜಾಸ್ತಿ. ಮೀಟರ್ 60 ತೋರಿಸಿದರೆ ಗಾಡಿ 66ರಲ್ಲಿ ಓಡುತ್ತಿರುತ್ತದೆ. ಬ್ರೇಕ್ ಮಾತ್ರ ಹಳೆಯದೇ. ಸ್ಪೇಸರ್‌ನಿಂದ ಚಕ್ರ ಹೊರಗೆ ಬಂದಷ್ಟೂ ಬೇರಿಂಗ್ ಮೇಲೆ ಭಾರ ಹೆಚ್ಚು. ಅದರೊಳಗಿನ ನಟ್ ಸಡಿಲಾದರೆ ಚಕ್ರ ಬಿಚ್ಚುವ ತನಕ ಗೊತ್ತಾಗುವುದಿಲ್ಲ. ಸ್ಪೇಸರ್ ಹಾಕಲೇಬೇಡಿ ಅಂತಲೇ ನನ್ನ ಮಾತು.

ಎಲ್‌ಇಡಿ ಬಾರ್‌ಗೆ ರಿಲೇನೂ ಇರಲಿಲ್ಲ, ಫ್ಯೂಸೂ ಇರಲಿಲ್ಲ. ಬ್ಯಾಟರಿಯಿಂದ ಸೀದಾ ಎಳೆದ ವೈರ್ ಡ್ಯಾಶ್‌ಬೋರ್ಡ್ ಹಿಂದಿನ ತಗಡಿನ ತೂತಿನಲ್ಲಿ ರಬ್ಬರ್ ಇಲ್ಲದೆ ನುಗ್ಗಿತ್ತು. ತಗಡಿಗೆ ವೈರ್ ಸವೆದು ತಾಗಿದರೆ ಬೆಂಕಿಯೇ ಗತಿ.

ಕಾನೂನೂ ನಿಮ್ಮ ಪರ ಇಲ್ಲ. ಆರ್‌ಸಿಯಲ್ಲಿರುವ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅಪಘಾತವಾದರೆ ವಿಮೆಯವರು ಮೊದಲು ತಕರಾರು ತೆಗೆಯುವುದು ಇಂಥ ಬದಲಾವಣೆ ಮೇಲೆಯೇ.

ನಮ್ಮ ಗಾಡಿಗೆ ಈಗ ಕಂಪನಿ ಅಳತೆಯ ಶಾಕಲ್, ಟೈರ್, ಹೊಸ ಹೋಸ್, ಹೊಸ ಕಿಂಗ್ ಪಿನ್ ಬೇರಿಂಗ್. ತೋಟದ ದಾರಿಯಲ್ಲಿ ಆ ಒಂದು ಇಂಚು ಇಲ್ಲ ಅಂತ ಎಲ್ಲೂ ಸಿಕ್ಕಿಹಾಕಿಕೊಂಡಿಲ್ಲ.

ಎತ್ತರಿಸಿದ ಜಿಪ್ಸಿ ಈಗಾಗಲೇ ಮನೆಯಲ್ಲಿದ್ದರೆ ಇಷ್ಟು ಮಾಡಿ. ಸಮತಟ್ಟು ಜಾಗದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜ್ಯಾಕನ್ನು ಆಕ್ಸಲ್‌ಗೆ ಕೊಡದೆ ಚಾಸಿಗೆ (ಗಾಡಿಯ ಚೌಕಟ್ಟಿಗೆ) ಕೊಟ್ಟು ಮುಂಭಾಗ ಎತ್ತಿ. ಚಾಸಿ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ, ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಆಕ್ಸಲ್ ಪೂರ್ತಿ ಜೋತು ಬೀಳಲಿ. ಒಬ್ಬರು ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಲಿ, ಇನ್ನೊಬ್ಬರು ಹೋಸ್ ಮೇಲೆ ಬೆರಳಾಡಿಸಲಿ. ಎಲ್ಲೂ ಬಿಗಿಯಾಗಬಾರದು, ಟೈರಿಗೆ ತಾಗಬಾರದು. ಹಾಗೇ ಚಕ್ರದ ಮೇಲೊಂದು ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ಕಟಕಟ ಅಂದರೆ ಬೇರಿಂಗ್ ನೋಡಿಸಬೇಕು. ಹಿಂದಿನ ಆಕ್ಸಲ್‌ಗೆ ಹೋಗುವ ಹೋಸನ್ನೂ ಮರೆಯಬೇಡಿ. ಹೋಸ್ ಬಿಗಿಯಾಗಿದ್ದರೆ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್ ಅವರನ್ನು ಮನೆಗೇ ಕರೆಸಿ.