ಸ್ಕಾಲರ್‌ಶಿಪ್ಪೋ, ಬರ್ಸರಿಯೋ, ಸಂಬಳವೋ: ಇಂಗ್ಲೆಂಡಿನ ಗಣಿತ ಶಿಕ್ಷಕ ತರಬೇತಿಯ ಲೆಕ್ಕ

ಇಂಗ್ಲೆಂಡಿನಲ್ಲಿ ಪದವಿ ಮುಗಿಸಿದವರು ಗಣಿತ ಶಿಕ್ಷಕರಾಗಲು ಸಾಮಾನ್ಯವಾಗಿ ಒಂದು ವರ್ಷ ತರಬೇತಿ ಪಡೆದು ಕ್ಯೂಟಿಎಸ್ (ಅರ್ಹ ಶಿಕ್ಷಕರೆಂಬ ಅಧಿಕೃತ ಮಾನ್ಯತೆ) ಗಳಿಸುತ್ತಾರೆ. ಆ ವರ್ಷದ ಖರ್ಚಿಗೆ ಸ್ಕಾಲರ್‌ಶಿಪ್, ಬರ್ಸರಿ (ಅರ್ಹರಿಗೆಲ್ಲ ಸಿಗುವ ಧನಸಹಾಯ), ಇಲ್ಲವೇ ಶಾಲೆಯೇ ಸಂಬಳ ಕೊಟ್ಟು ತರಬೇತಿ ನೀಡುವ ಹುದ್ದೆ ಇದೆ. ಒಬ್ಬರಿಗೆ ಮೂರರಲ್ಲಿ ಒಂದೇ.

2025-26ರ ದರದಂತೆ ಸ್ಕಾಲರ್‌ಶಿಪ್ 31,000 ಪೌಂಡ್, ಬರ್ಸರಿ 29,000. ಎರಡಕ್ಕೂ ಆದಾಯ ತೆರಿಗೆ ಇಲ್ಲ, ಮರುಪಾವತಿಯೂ ಇಲ್ಲ. ಸಾಮಾನ್ಯವಾಗಿ ಹತ್ತು ಸಮ ಕಂತುಗಳಲ್ಲಿ ಬರುವುದರಿಂದ ತಿಂಗಳಿಗೆ 3,100 ಎದುರು 2,900. ಕೋರ್ಸು ಸೆಪ್ಟೆಂಬರಿನಲ್ಲಿ ಶುರುವಾದರೂ ಮೊದಲ ಕಂತು ಬರುವುದು ಸಾಮಾನ್ಯವಾಗಿ ಅಕ್ಟೋಬರಿನಲ್ಲಿ. ಮೊದಲ ತಿಂಗಳ ಬಾಡಿಗೆ ಮತ್ತು ಶಾಲೆಗೆ ಓಡಾಡುವ ಖರ್ಚನ್ನು ಮುಂಚೆಯೇ ತೆಗೆದಿಡದಿದ್ದರೆ ಆರಂಭದಲ್ಲೇ ಸಾಲ. ಜುಲೈ ನಂತರದ ಬೇಸಿಗೆಗೂ ಇದೇ ಮಾತು, ಹತ್ತು ತಿಂಗಳ ಹಣವನ್ನು ಹನ್ನೆರಡಕ್ಕೆ ಹಂಚಬೇಕು. ನಡುವೆ ಕೋರ್ಸು ಬಿಟ್ಟರೆ ಮುಂದಿನ ಕಂತುಗಳು ನಿಲ್ಲುತ್ತವೆ.

ಸಂಬಳದ ಹುದ್ದೆಯಲ್ಲಿ ಅರ್ಹತೆ ಇಲ್ಲದ ಶಿಕ್ಷಕರ ಶ್ರೇಣಿಯ ಕನಿಷ್ಠ ವೇತನ ಸಿಗುತ್ತದೆ, ಲಂಡನ್ ಬಿಟ್ಟರೆ 2025-26ರಲ್ಲಿ 22,601 ಪೌಂಡ್. ಮೇಲ್ನೋಟಕ್ಕೆ ಇದು ತೀರಾ ಕಡಿಮೆ. ಆದರೆ ಇಲ್ಲಿ ಕೋರ್ಸಿನ ಶುಲ್ಕ ಕಟ್ಟಬೇಕಿಲ್ಲ. ಉಳಿದೆರಡು ದಾರಿಗಳಲ್ಲಿ 2025-26ರಂತೆ 9,535 ಪೌಂಡ್‌ವರೆಗಿನ ಶುಲ್ಕ ನಿಮ್ಮದೇ. ಅದನ್ನು ಕೈಯಿಂದ ಕಟ್ಟಿದರೆ ಬರ್ಸರಿಯಲ್ಲಿ 19,465, ಸ್ಕಾಲರ್‌ಶಿಪ್ಪಿನಲ್ಲಿ 21,465 ಉಳಿಯುತ್ತದೆ. ಸಂಬಳದಲ್ಲಿ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತೆಯ ವಂತಿಗೆ), ಶಿಕ್ಷಕರ ಪಿಂಚಣಿ ಕಳೆದು 18,500ರ ಆಸುಪಾಸು. ಪಿಂಚಣಿಗೆ ಕಡಿತವಾದದ್ದು ನಷ್ಟವಲ್ಲ ಎಂದುಕೊಂಡರೆ ಅಂತರ ಇನ್ನೂ ಕಿರಿದು. ಶುಲ್ಕಕ್ಕೆ ವಿದ್ಯಾರ್ಥಿ ಸಾಲ ಪಡೆದರೆ ಮಾತ್ರ ಮೊದಲ ಎರಡು ದಾರಿಗಳು ಆ ವರ್ಷದ ಮಟ್ಟಿಗೆ ಬಹಳ ಮುಂದೆ. ಪೂರ್ಣಾವಧಿ ವಿದ್ಯಾರ್ಥಿಗಳಷ್ಟೇ ಇರುವ ಮನೆಗೆ ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತದ ಮನೆ ತೆರಿಗೆ) ಇಲ್ಲ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ. ಸಂಬಳದವರಿಗೆ ಆ ವಿನಾಯಿತಿ ಇಲ್ಲ. ಮೇಲಾಗಿ ಅವರ ಹೆಗಲಿಗೆ ತರಗತಿಗಳ ಹೊಣೆ ಬೇಗ ಬೀಳುತ್ತದೆ, ಓದಲು ಬಿಡುವು ಕಡಿಮೆ. ಈಗಾಗಲೇ ಶಾಲೆಯಲ್ಲಿ ಸಹಾಯಕರಾಗಿ ದುಡಿದವರಿಗೆ ಇದು ಒಗ್ಗುತ್ತದೆ. ಮೊದಲ ಸಲ ತರಗತಿಗೆ ಕಾಲಿಡುವವರಿಗೆ ನಾವು ಇದನ್ನು ಹೇಳುವುದಿಲ್ಲ.

ಇನ್ನು ಸ್ಕಾಲರ್‌ಶಿಪ್ ಮತ್ತು ಬರ್ಸರಿಯ ಪೈಪೋಟಿ. ಬರ್ಸರಿಗೆ ಪ್ರತ್ಯೇಕ ಅರ್ಜಿ ಬೇಡ. 2:2 (ಬ್ರಿಟಿಷ್ ಪದವಿಯ ಎರಡನೇ ದರ್ಜೆಯ ಕೆಳಹಂತ) ಅಥವಾ ಅದಕ್ಕಿಂತ ಮೇಲಿನ ಪದವಿ ಇದ್ದು ಉಳಿದ ನಿಯಮಗಳಿಗೆ ಹೊಂದಿದರೆ ತರಬೇತಿ ಸಂಸ್ಥೆಯ ಮೂಲಕವೇ ಬರುತ್ತದೆ. ಸ್ಕಾಲರ್‌ಶಿಪ್ಪನ್ನು ಇನ್‌ಸ್ಟಿಟ್ಯೂಟ್ ಆಫ್ ಮ್ಯಾಥಮ್ಯಾಟಿಕ್ಸ್ ಅಂಡ್ ಇಟ್ಸ್ ಅಪ್ಲಿಕೇಶನ್ಸ್ ನಿರ್ವಹಿಸುತ್ತದೆ. ಸಾಮಾನ್ಯವಾಗಿ 2:1 (ಎರಡನೇ ದರ್ಜೆಯ ಮೇಲ್ಹಂತ) ಬೇಕು, ಬೇರೆಯೇ ಅರ್ಜಿ ಹಾಕಿ ಆಯ್ಕೆಯಾಗಬೇಕು. ಆಯ್ಕೆಯಾಗದಿದ್ದರೂ ಬರ್ಸರಿಯ ಅರ್ಹತೆ ಹೋಗುವುದಿಲ್ಲ. ಹೀಗಾಗಿ 2:1 ಇದ್ದವರು ಪ್ರಯತ್ನಿಸದೆ ಬಿಡುವುದಕ್ಕೆ ಕಾರಣವೇ ಇಲ್ಲ, ಸೋಮಾರಿತನ ಒಂದನ್ನು ಬಿಟ್ಟು.

ಅರ್ಜಿಗಳು ಸೋಲುವುದು ಹೆಚ್ಚಾಗಿ ಅಂಕಗಳ ಕೊರತೆಯಿಂದಲ್ಲ. 'ಗಣಿತವೆಂದರೆ ಚಿಕ್ಕಂದಿನಿಂದ ಪ್ರಾಣ' ಎಂಬಂಥ ಪೊಳ್ಳು ಮಾತುಗಳಿಂದ. ಬದಲಿಗೆ ಒಂದು ಕಲ್ಪನೆಯನ್ನು ಮಗುವಿಗೆ ದಾಟಿಸುವ ಬಗೆಯನ್ನು ತೋರಿಸಿ. ಎರಡು ಋಣ ಸಂಖ್ಯೆಗಳ ಗುಣಲಬ್ಧ ಧನವೇಕೆ? 2 × (−3) = −6, 1 × (−3) = −3, 0 × (−3) = 0; ಪ್ರತಿ ಹೆಜ್ಜೆಗೂ 3 ಏರುತ್ತಿದೆ, ಹಾಗಾಗಿ −1 × (−3) = 3. ಇದು ವಿನ್ಯಾಸ ಮಾತ್ರ, ಸಾಧನೆ (ಪ್ರೂಫ್) ಅಲ್ಲ. ಸಾಧನೆಗೆ (1 + (−1)) × (−3) = 0 ಎಂದು ಹಿಡಿದು ವಿಭಾಜಕ ನಿಯಮ, ಅಂದರೆ a × (b + c) = a × b + a × c, ಹಚ್ಚಬೇಕು. ಯಾವ ತರಗತಿಗೆ ಯಾವುದು ಸಾಕು ಎಂದು ವಿವರಿಸಬಲ್ಲವರು ಎದ್ದು ಕಾಣುತ್ತಾರೆ.

ನಮ್ಮ ಮಟ್ಟಿಗೆ ತಿಂಗಳಿಗೆ ಹೆಚ್ಚು ಸಿಗುವ 200 ಪೌಂಡ್ ಸ್ಕಾಲರ್‌ಶಿಪ್ಪಿನ ಅರ್ಧ ಬೆಲೆಯಷ್ಟೇ. ಇನ್ನರ್ಧ ಅದನ್ನು ನಿರ್ವಹಿಸುವ ಇನ್‌ಸ್ಟಿಟ್ಯೂಟಿನ ಸದಸ್ಯತ್ವ, ಗಣಿತ ಬೋಧನೆಯ ಕಾರ್ಯಾಗಾರಗಳು, ಇತರ ಸ್ಕಾಲರ್‌ಗಳ ಒಡನಾಟ. ಅಭ್ಯಾಸದ ಶಾಲೆಯಲ್ಲಿ ಗಣಿತ ವಿಭಾಗ ಸಣ್ಣದಿದ್ದು, ಕೆಟ್ಟ ಪಾಠದ ನಂತರ ಕೇಳಲು ಯಾರೂ ಇಲ್ಲದಾಗ ಇದರ ಬೆಲೆ ತಿಳಿಯುತ್ತದೆ.

ಭಾರತದಿಂದ ಹೋಗುವವರು ಎಡವುವುದು ಬೇರೆ ಕಡೆ. ಗಣಿತಕ್ಕೆ ಸ್ಕಾಲರ್‌ಶಿಪ್ಪಾಗಲಿ ಬರ್ಸರಿಯಾಗಲಿ ಸಿಗಬೇಕಾದರೆ ಅಲ್ಲಿನ ವಿದ್ಯಾರ್ಥಿ ಸಾಲದ ಅರ್ಹತೆ ಇರಬೇಕು. ಬರೀ ವಿದ್ಯಾರ್ಥಿ ವೀಸಾ ಸಾಲದು. ಇಲ್ಲಿ ಶಿಕ್ಷಕ ಅರ್ಹತೆಯೂ ಅನುಭವವೂ ಇರುವವರು ತರಬೇತಿಗೆ ಮುಗಿಬೀಳುವ ಮೊದಲು ಇನ್ನೊಂದನ್ನು ನೋಡಬೇಕು: 2023ರಿಂದ ಭಾರತದ ಗಣಿತ ಶಿಕ್ಷಕರು ನೇರವಾಗಿ ಕ್ಯೂಟಿಎಸ್‌ಗೆ ಅರ್ಜಿ ಹಾಕಬಹುದು.