ಲಾಂಗಿಗೂ ಮೊದಲು ಜನಿವಾರವಿತ್ತು: ದಾವಣಗೆರೆಯಲ್ಲಿ ಮತ್ತೆ ನೋಡಿದ ‘ಓಂ’

1995ರಲ್ಲಿ ತೆರೆಕಂಡ ‘ಓಂ’ ಚಿತ್ರವನ್ನು ಮಚ್ಚು-ಲಾಂಗುಗಳ ಸಿನಿಮಾ ಎಂದು ನೆನೆಯುವವರೇ ಹೆಚ್ಚು. ದಾವಣಗೆರೆಯ ಹಳೆಯ ಚಿತ್ರಮಂದಿರವೊಂದರ ಮರುಬಿಡುಗಡೆಯಲ್ಲಿ ಅದನ್ನು ಮತ್ತೆ ನೋಡಿದಾಗ, ಚಿತ್ರದ ಬಲವಿರುವುದು ಹೊಡೆದಾಟದಲ್ಲಲ್ಲ, ಕಥೆ ಹೇಳುವ ಕ್ರಮದಲ್ಲಿ ಎಂಬ ನನ್ನ ಅಭಿಪ್ರಾಯ ಗಟ್ಟಿಯಾಯಿತು.

ಪುರೋಹಿತರ ಮಗ ಸತ್ಯ ದಾರಿ ತಪ್ಪಿ ಬೆಂಗಳೂರಿನ ಭೂಗತ ಲೋಕಕ್ಕೆ ಸೇರುವುದು ಕಥೆಯ ತಿರುಳು. ಇದನ್ನು ಆರಂಭದಿಂದ ಅಂತ್ಯದವರೆಗೆ ನೇರವಾಗಿ ಹೇಳಿದ್ದರೆ ಮರುಕ ಹುಟ್ಟಿಸುವ ಸಾಮಾನ್ಯ ಕಥೆಯಾಗುತ್ತಿತ್ತು. ನಿರ್ದೇಶಕ ಉಪೇಂದ್ರ ಮೊದಲು ನಮ್ಮೆದುರು ನಿಲ್ಲಿಸುವುದು ಗಡ್ಡ ಬಿಟ್ಟ, ಜನ ಹೆದರುವ, ನಾಯಕಿ ಮಧುವನ್ನು ಬೆನ್ನಟ್ಟಿ ಪೀಡಿಸುವ ರೌಡಿಯನ್ನು. ಅವನ ಬಗ್ಗೆ ಪ್ರೇಕ್ಷಕ ಒಂದು ತೀರ್ಮಾನಕ್ಕೆ ಬಂದ ಮೇಲಷ್ಟೇ ಮಡಿ, ಮಂತ್ರ, ಅಪ್ಪನ ನೆರಳುಗಳ ನಡುವೆ ಬೆಳೆದ ಹುಡುಗನ ಹಿಂದಿನ ಬದುಕು ತೆರೆದುಕೊಳ್ಳುತ್ತದೆ. ಶಿವರಾಜ್‌ಕುಮಾರ್ ಅವರ ಅಭಿನಯ ಎತ್ತರಕ್ಕೇರುವುದೂ ಇಲ್ಲಿಯೇ. ಮೊದಲ ಭಾಗದಲ್ಲಿ ಎದುರಿದ್ದವರನ್ನು ಇರಿಯುವಂತೆ ನೋಡುವ ಕಣ್ಣು, ಹಿಂದಿನ ಕಥೆಯಲ್ಲಿ ತಂದೆಯ ಮುಂದೆ ನೆಲ ನೋಡುತ್ತದೆ. ವೇಷಕ್ಕಿಂತ ಹೆಚ್ಚಾಗಿ ಈ ನೋಟವೇ ಇಬ್ಬರು ಸತ್ಯರನ್ನು ಬೇರೆ ಮಾಡುತ್ತದೆ. ಈ ಪಾತ್ರಕ್ಕೆ ಅವರಿಗೆ ರಾಜ್ಯ ಪ್ರಶಸ್ತಿ ಬಂದದ್ದು ಸರಿಯಾಗಿಯೇ ಇದೆ.

ಹಂಸಲೇಖ ಅವರ ಸಂಗೀತದಲ್ಲಿ ಡಾ. ರಾಜ್‌ಕುಮಾರ್ ಹಾಡಿರುವ ‘ಹೇ ದಿನಕರ’ ಚಿತ್ರಮಂದಿರದ ಗದ್ದಲವನ್ನು ಸ್ವಲ್ಪ ಹೊತ್ತು ತಣ್ಣಗಾಗಿಸಿತು. ನಿಜ ಜೀವನದ ಕೆಲವು ರೌಡಿಗಳನ್ನೇ ಕ್ಯಾಮೆರಾ ಮುಂದೆ ತಂದದ್ದು ಆ ಕಾಲಕ್ಕೆ ದೊಡ್ಡ ಸುದ್ದಿ. ನಟನೆ ಕಲಿಯದ ಆ ಮುಖಗಳ ಒರಟುತನವೇ ಇಂದಿಗೂ ಆ ದೃಶ್ಯಗಳಿಗೆ ನಂಬಿಕೆ ತರುತ್ತದೆ.

ಈ ಚಿತ್ರ ಬಂದಾಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆಗ ಹುಟ್ಟದೇ ಇದ್ದ ಕಾಲೇಜು ಹುಡುಗರು ಈಗ ಸಂಭಾಷಣೆಗಳನ್ನು ತೆರೆಗಿಂತ ಮೊದಲೇ ಒಪ್ಪಿಸುತ್ತಾರೆ. ಸುಮಾರು 20 ವರ್ಷ ಟಿವಿ ಹಕ್ಕು ಮಾರಾಟವಾಗದೆ, ಚಿತ್ರ ನೋಡಬೇಕೆಂದರೆ ಟಾಕೀಸಿಗೇ ಹೋಗಬೇಕಾಗಿದ್ದುದು ಇಷ್ಟೊಂದು ಮರುಬಿಡುಗಡೆಗಳಿಗೆ ಒಂದು ಕಾರಣ. ಆದರೆ ಲಾಂಗು ಮೇಲೆದ್ದಾಗ ಬಿದ್ದ ಶಿಳ್ಳೆ, ಮಗನನ್ನು ಕಳೆದುಕೊಂಡ ತಂದೆಯ ದುಃಖದ ಮೇಲೂ ಬಿದ್ದದ್ದು ನನಗೆ ಕಿರಿಕಿರಿಯೆನಿಸಿತು. ಇದರಲ್ಲಿ ಚಿತ್ರದ ಪಾಲೂ ಇದೆ: ರೌಡಿತನವನ್ನು ಖಂಡಿಸುತ್ತಲೇ ಅದು ರೌಡಿಯ ನಡಿಗೆಗೆ ಮೆರುಗು ಹಚ್ಚುತ್ತದೆ. ಮುಂದೆ ಬಂದ ಎಷ್ಟೋ ಕನ್ನಡ ಚಿತ್ರಗಳು ಆ ನಡಿಗೆಯನ್ನಷ್ಟೇ ಎತ್ತಿಕೊಂಡು ಅಪ್ಪನನ್ನು ಕೈಬಿಟ್ಟವು.

ಇನ್ನೊಂದು ತಕರಾರು, ಮಧುವಿಗೆ ಸಂಬಂಧಿಸಿದ್ದು. ಪ್ರೇಮಾ ಅವರದು ಸಮರ್ಥ ಅಭಿನಯ. ಸತ್ಯ ದಾರಿ ತಪ್ಪಿದ್ದರಲ್ಲಿ ಆಕೆಗೂ ಪಾಲಿದೆ ಎಂಬ ತಿರುವು ಕಥೆಗೆ ತೂಕ ಕೊಡುತ್ತದೆ. ಹಾಗೆಂದು ಹೆದರಿಸಿ ಪ್ರೀತಿಯನ್ನು ಒಪ್ಪಿಸುವ ದೃಶ್ಯಗಳನ್ನು ಇವತ್ತು ನಗುತ್ತ ನೋಡಲು ನನ್ನಿಂದ ಸಾಧ್ಯವಾಗಲಿಲ್ಲ.

ಚಿತ್ರಮಂದಿರದ ಧ್ವನಿ ವ್ಯವಸ್ಥೆ ಮಾತ್ರ ತೀರಾ ಕಳಪೆ; ಹಿಂದಿನ ಸಾಲುಗಳಿಗೆ ಮೆಲುದನಿಯ ಮಾತುಗಳು ತಲುಪುವುದೇ ಇಲ್ಲ. ಟಿಕೆಟ್ ಕೊಳ್ಳುವಾಗ ನಡುವಿನ ಸಾಲುಗಳನ್ನೇ ಕೇಳಿ ಪಡೆಯಿರಿ, ಮತ್ತು ಮೊದಲ ಹತ್ತು ನಿಮಿಷ ತಪ್ಪಿಸಿಕೊಳ್ಳಬೇಡಿ; ಆಮೇಲೆ ಬಂದು ಕುಳಿತವರಿಗೆ ಕಥೆಯ ಹಿಂದುಮುಂದು ಹಿಡಿಯಲು ತಿಣುಕಬೇಕಾಗುತ್ತದೆ.