ಆಶ್ರಯದ ಮೇಲ್ಮನವಿ: ಎದುರು ನಿಂತು ಹೇಳೋದಾ, ಕಾಗದದಲ್ಲೇ ಮುಗಿಸೋದಾ?

ಸ್ವದೇಶದಲ್ಲಿ ಕಿರುಕುಳದ ಭಯವಿದೆ ಅಂತ ಬ್ರಿಟನ್ನಿನಲ್ಲಿ ಹಾಕಿದ ಆಶ್ರಯದ ಅರ್ಜಿ ತಿರಸ್ಕಾರವಾದರೆ ಮೇಲ್ಮನವಿಯಲ್ಲಿ ನ್ಯಾಯಾಧೀಶರ ಎದುರು ವಿಚಾರಣೆ ಕೇಳಬಹುದು. ಇಲ್ಲವೇ ಕಾಗದಪತ್ರ ನೋಡಿಯೇ ತೀರ್ಮಾನಿಸಿ ಅನ್ನಬಹುದು.

ಕಾಗದದ ದಾರಿಯಲ್ಲಿ ಸರ್ಕಾರದ ಕಡೆಯವರ ಪಾಟೀಸವಾಲಿನ ಕಾಟವಿಲ್ಲ, ನಿಜ. ಆದರೆ ‘ನಿಮ್ಮ ಮಾತು ನಂಬಲ್ಲ’ ಅಂತಲೇ ತಿರಸ್ಕರಿಸಿದ್ದರೆ, ನನ್ನ ಮಟ್ಟಿಗೆ ವಿಚಾರಣೆಯೇ ಸರಿ. ಇಥಿಯೋಪಿಯಾದವರನ್ನೇ ನೋಡಿ. ಅವರ ಕ್ಯಾಲೆಂಡರಿಗೆ 13 ತಿಂಗಳು, ವರ್ಷ ನಮ್ಮದಕ್ಕಿಂತ 7-8 ಹಿಂದೆ. ಸಂದರ್ಶನದಲ್ಲಿ ಒಂದು ಇಸವಿ, ಹೇಳಿಕೆಯಲ್ಲಿ ಇನ್ನೊಂದು ಇದ್ದರೆ ಫೈಲಿನಲ್ಲಿ ಅದು ಸುಳ್ಳಿನಂತೆ ಕಾಣುತ್ತದೆ. ಎದುರಿಗಿದ್ದರೆ ಎರಡು ಮಾತಲ್ಲಿ ಬಿಡಿಸಿ ಹೇಳಬಹುದು, ಅಲ್ವಾ?

ವಿಚಾರಣೆಯಲ್ಲೂ ಅಪಾಯವಿದೆ. ಆಘಾತಕ್ಕೆ ಒಳಗಾದವರು ಭಾವವೇ ಇಲ್ಲದೆ ಮಾತಾಡಬಹುದು. ಅದನ್ನು ನಟನೆ ಅಂದುಕೊಳ್ಳುವವರೂ ಇದ್ದಾರೆ. ವೈದ್ಯರ ವರದಿ ಮೊದಲೇ ಕೊಟ್ಟಿರಿ. ದುಭಾಷಿಯ ಮಾತು ಅರ್ಥವಾಗದಿದ್ದರೆ ಸುಮ್ನೆ ತಲೆಯಾಡಿಸದೆ ಅಲ್ಲೇ ಹೇಳಿ.

2022ರ ಜೂನ್ 28ರಿಂದ ಸಲ್ಲಿಸಿದ ಅರ್ಜಿಗಳಿಗೆ ಪಟ್ಟು ಇನ್ನೂ ಬಿಗಿ. ನಿಮಗೆ ನಿಜಕ್ಕೂ ಭಯವಿದೆ ಅನ್ನೋದು, ಇಲ್ಲ ಅನ್ನೋದಕ್ಕಿಂತ ಜಾಸ್ತಿ ಸಂಭವ ಅಂತ ತೋರಿಸಬೇಕು.

ಸರ್ಕಾರ ನಿಮ್ಮ ಕಥೆಯನ್ನು ಒಪ್ಪಿ, ‘ಆ ದೇಶ ಈಗ ಸುರಕ್ಷಿತ’ ಅಂತಷ್ಟೇ ವಾದಿಸಿದ್ದರೆ ಕಾಗದವೂ ಸಾಕಾಗಬಹುದು. ವಕೀಲರನ್ನು ಕೇಳಿಯೇ ಮೇಲ್ಮನವಿಯ ಅರ್ಜಿಯಲ್ಲಿ ಎರಡರಲ್ಲೊಂದಕ್ಕೆ ಟಿಕ್ ಹಾಕಿ.